ಉಸಿರಕ್ಕನ ಎತ್ತುಗಡೆ

ಕಂಡಕ್ಟರ್ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸೀಟಿ. ಮದುವೆಯಾಗಿ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಕೆಳಗಿನ ಮನೆಯ ಹೆಂಗಸು ಅಕ್ಕನನ್ನು ಮೆಟ್ಟಿಲ ಮೇಲೆ ತಡೆದು, "ನೀವು ಕಂಡಕ್ಟರ್ ಅಂತೆ, ಹೌದಾ? ಯಾವ ರೂಟು?" ಎಂದು ಕೇಳಿದ್ದಳು. ಆಗಿನ್ನೂ ಅಕ್ಕನಿಗೆ ನಗು ಬರುತ್ತಿತ್ತು. "ಅದಲ್ಲ ರೀ, ಹಾಡೋರ ಮುಂದೆ ಕೋಲು ಹಿಡ್ಕೊಂಡು ನಿಲ್ತಾರಲ್ಲ, ಆ ಕೆಲಸ," ಎಂದು ಬಿಡಿಸಿ ಹೇಳಿದ್ದಳು. ವರ್ಷಗಳು ಉರುಳಿದ ಮೇಲೆ ಅದೇ ಹೆಂಗಸಿನ ಸೊಸೆ ಅದೇ ಮೆಟ್ಟಿಲ ಮೇಲೆ ಅದೇ ಪ್ರಶ್ನೆ ಕೇಳಿದಾಗ, "ಹೂಂ ಕಣಮ್ಮ, ಆದ್ರೆ ನಮ್ಮ ಬಸ್ಸು ಡಿಪೋ ಬಿಟ್ಟು ಹೊರಗೆ ಹೋಗಲ್ಲ," ಎಂದು ಹೇಳಿ ಮೇಲೆ ಹತ್ತಿ ಹೋದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕ ಊರಿನ ಗಾಯಕ ಮೇಳಕ್ಕೆ ಅಭ್ಯಾಸ ಮಾಡಿಸುವವಳು. ಮೇಳ ಎಂದರೆ ಎಂಬತ್ತು ತೊಂಬತ್ತು ಜನ. ಬ್ಯಾಂಕಿನವರು, ಟೈಲರ್, ಹಲ್ಲಿನ ಡಾಕ್ಟರ್, ಪೋಸ್ಟಾಫೀಸಿನ ಗಂಡ ಹೆಂಡತಿ, ಕೆಲಸದಿಂದ ನಿವೃತ್ತಿಯಾದ ನರ್ಸಮ್ಮ, ಹೀಗೆ. ದಿನವಿಡೀ ದುಡಿದು, ಅರ್ಧ ಹೊಟ್ಟೆಯಲ್ಲಿ ಓಡಿ ಬರುವ ಈ ಜನಕ್ಕೆ ಒಂದು ದೊಡ್ಡ ಕೃತಿಯನ್ನು ಸಾಲು ಸಾಲಾಗಿ ತಿದ್ದಿ ತೀಡಿ ಕಲಿಸುವುದಕ್ಕೆ ತಿಂಗಳುಗಟ್ಟಲೆ ಬೇಕು. ಎಲ್ಲ ಕಲಿತು ಬಾಯಿಗೆ ಕೂತ ಮೇಲೆ, ಕಛೇರಿಯ ವಾರದಲ್ಲಿ, ವಾದ್ಯವೃಂದದ ಕಂಡಕ್ಟರ್ ದಯಮಾಡಿಸುತ್ತಾರೆ. ಅಕ್ಕ ಕೋಲು ಹಿಡಿದು ನಿಲ್ಲುವ ಪೀಠದಿಂದ ಇಳಿಯುತ್ತಾಳೆ, ಅವರು ಹತ್ತುತ್ತಾರೆ. ಚಪ್ಪಾಳೆ ಬೀಳುವುದು ಅವರಿಗೆ. ಕೊನೆಯಲ್ಲಿ ಅವರು ದೊಡ್ಡ ಮನಸ್ಸು ಮಾಡಿ ವೇದಿಕೆಯ ಪಕ್ಕದ ಬಾಗಿಲ ಕಡೆ ಕೈ ತೋರಿಸಿದರೆ ಅಕ್ಕ ಬಂದು ತಲೆ ಬಾಗಿಸಿ ಹೋಗಬೇಕು. ಅಷ್ಟು ಹೊತ್ತಿಗೆ ಜನ ಎದ್ದು ನಿಂತು ಹೊರಬಾಗಿಲ ಕಡೆ ಮುಖ ಮಾಡಿರುತ್ತಾರೆ.

ಅವಳಿಗೆ ಬೇಕಾಗಿದ್ದದ್ದು ಒಂದೇ. ತಾನು ಕಲಿಸಿದ್ದನ್ನು ತಾನೇ ಹಾಡಿಸಬೇಕು. ದೊಡ್ಡ ಸಭಾಂಗಣದಲ್ಲಿ, ಹಿಂದೆ ತುಂಬಿದ ಜನ, ಮುಂದೆ ವಾದ್ಯವೃಂದ, ಅದರಾಚೆ ತನ್ನ ಮೇಳ. ಒಂದು ಸಂಜೆ ಸಾಕು. ಜೀವನದಲ್ಲಿ ಇದಕ್ಕಿಂತ ಕಡಿಮೆ ಕೇಳಿದವರು ಯಾರಾದರೂ ಇದ್ದಾರೆಯೇ ಎಂದು ಅವಳು ಒಮ್ಮೊಮ್ಮೆ ಪಾತ್ರೆ ತೊಳೆಯುತ್ತ ಯೋಚಿಸುತ್ತಿದ್ದಳು.

ಅಪ್ಪ ಪಿಯಾನೋ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿ ಯಾರ್ಯಾರದೋ ಪಿಯಾನೋಗಳು ಹಲ್ಲು ಕಿತ್ತ ಬಾಯಿಯಂತೆ ತೆರೆದುಕೊಂಡು ಬಿದ್ದಿರುತ್ತಿದ್ದವು. ರಿಪೇರಿಯಾದ ಪಿಯಾನೋವನ್ನು ಮೊದಲು ನುಡಿಸಿ ನೋಡುತ್ತಿದ್ದವಳು ಅಕ್ಕ. ಅವಳಿಗಿಂತ ಚಿಕ್ಕವನಾದ ತಮ್ಮ ಸ್ಟೂಲಿನ ಮೇಲೆ ನಿಂತು, ಅಪ್ಪನ ಸ್ಕ್ರೂಡ್ರೈವರ್ ಹಿಡಿದು, ಅವಳು ನುಡಿಸಿದ್ದಕ್ಕೆ ತಕ್ಕ ಹಾಗೆ ಕೈ ಬೀಸುತ್ತಿದ್ದ. ಎಲ್ಲಿ ನಿಧಾನ, ಎಲ್ಲಿ ಜೋರು ಎಂದು ಅವನಿಗೆ ಹೇಳಿಕೊಟ್ಟವಳೂ ಅವಳೇ. ನೋಡಲು ಬಂದ ನೆಂಟರು ಮಾತ್ರ, ಹುಡುಗ ಎಷ್ಟು ಚೆನ್ನಾಗಿ ಕೈಯಾಡಿಸುತ್ತಾನೆ ನೋಡಿ ಎನ್ನುತ್ತಿದ್ದರು.

ಒಬ್ಬರನ್ನು ಮಾತ್ರ ದೂರದ ಸಂಗೀತ ಕಾಲೇಜಿಗೆ ಕಳಿಸಲು ಸಾಧ್ಯ ಎಂದಾದಾಗ ತೀರ್ಮಾನ ಕೊಟ್ಟವಳು ಅಮ್ಮ. "ಅವನಿಗೆ ಕೈ ಬೀಸೋದು ಬಿಟ್ರೆ ಬೇರೇನೂ ಬರಲ್ಲ ಕಣೆ. ನೀನಾದ್ರೆ ಹೇಗೋ ಬದುಕ್ಕೋತೀಯ," ಎಂದಳು. ಅಕ್ಕ ಹೇಗೋ ಬದುಕಿಕೊಂಡಳು. ಜಾಣರಿಗೆ ನಮ್ಮಲ್ಲಿ ಸಿಗುವ ಬಹುಮಾನ ಇಂಥದ್ದೇ. ತಮ್ಮನಿಗೆ ಸೂಟ್‌ಕೇಸ್ ಕಟ್ಟಿಕೊಟ್ಟವಳೂ ಅವಳೇ.

ಅವಳು ಮೇಳಕ್ಕೆ ಸೇರಿದ್ದು ಪಿಯಾನೋ ನುಡಿಸುವವಳಾಗಿ. ಅಭ್ಯಾಸ ನಡೆಯುತ್ತಿದ್ದದ್ದು ನಗರಸಭೆಯ ಈಜುಕೊಳದ ಮೇಲಿನ ಹಾಲ್‌ನಲ್ಲಿ. ಕೆಳಗಿನಿಂದ ಕ್ಲೋರಿನ್ ವಾಸನೆ, ಒದ್ದೆ ನೆಲದ ಮೇಲೆ ಓಡಬೇಡಿ ಎಂಬ ಕಾವಲುಗಾರನ ಕಿರುಚಾಟ, ಆಗಾಗ ಯಾರೋ ನೀರಿಗೆ ಧುಮುಕಿದ ಸದ್ದು. ಅಭ್ಯಾಸ ಮಾಡಿಸಬೇಕಾಗಿದ್ದವರು ವಾರಕ್ಕೊಂದು ನೆಪ ಹೇಳಿ ಕೈಕೊಡುತ್ತಿದ್ದರು. ಕೊನೆಗೆ ಅಕ್ಕನೇ ನುಡಿಸುತ್ತ ಹಾಡಿಸತೊಡಗಿದಳು. ಎರಡೂ ಕೈ ಪಿಯಾನೋ ಮೇಲೆ. ಮೇಳಕ್ಕೆ ಈಗ ಶುರು ಮಾಡಿ ಎಂದು ಸನ್ನೆ ಮಾಡಲು ಕೈಯೇ ಇಲ್ಲ. ಹಾಗಾಗಿ ಅವಳು ಉಸಿರು ಎಳೆಯುತ್ತಿದ್ದಳು. ತಲೆ ಸ್ವಲ್ಪ ಮೇಲೆತ್ತಿ, ಬಾಯಿ ತೆರೆದು, ಹಿಂದಿನ ಸಾಲಿಗೂ ಕೇಳುವ ಹಾಗೆ ಒಂದು ಉಸಿರು, ಅದರ ಕೊನೆಯಲ್ಲಿ ಒಂದು ಚಿಕ್ಕ ತಡೆ. ಅವಳ ಜೊತೆ ಎಂಬತ್ತು ಜನ ಉಸಿರು ಎಳೆಯುತ್ತಿದ್ದರು, ಎಂಬತ್ತು ಬಾಯಿಂದ ಹಾಡಿನ ಎತ್ತುಗಡೆ, ಅಂದರೆ ಮೊದಲ ಅಕ್ಷರ, ಒಟ್ಟಿಗೆ ಬೀಳುತ್ತಿತ್ತು. ಉಸಿರು ಮೆಲ್ಲಗಿದ್ದರೆ ಹಾಡೂ ಮೆಲ್ಲಗೆ, ಚುರುಕಾಗಿದ್ದರೆ ಚುರುಕು. ಮುಂದೆ ಪಿಯಾನೋಗೆ ಬೇರೊಬ್ಬರು ಬಂದು, ಅವಳು ಎದ್ದು ನಿಂತು ಕೈಯಾಡಿಸುವಂತಾದರೂ ಆ ಉಸಿರು ಹೋಗಲಿಲ್ಲ. ಮೇಳದವರು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಉಸಿರಕ್ಕ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು.

ವಾದ್ಯವೃಂದದ ಹಳೆಯ ಕಂಡಕ್ಟರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಅಂದರೆ ಮಾತಿನಲ್ಲಿ ಒಳ್ಳೆಯ ಮನುಷ್ಯ. ಪ್ರತಿ ಕಛೇರಿ ಮುಗಿದ ಮೇಲೂ ಅಕ್ಕನ ಬೆನ್ನು ತಟ್ಟಿ, "ನಾನು ಇಳಿದ ದಿನ ಈ ಕೋಲು ನಿಂದೇ ಕಣಮ್ಮ," ಎನ್ನುತ್ತಿದ್ದರು. ಇಳಿಯುವ ಲಕ್ಷಣ ಮಾತ್ರ ಕಾಣಿಸುತ್ತಿರಲಿಲ್ಲ. ಕೈ ನಡುಗಿದರೂ ಇಳಿಯಲಿಲ್ಲ, ಕಿವಿ ಮಂದವಾದರೂ ಇಳಿಯಲಿಲ್ಲ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ ಎಂದು ಗೊತ್ತಿದ್ದೂ ಅಕ್ಕ ಆ ವಾಸನೆ ಹಿಡಿದುಕೊಂಡೇ ವರ್ಷಗಳನ್ನು ಕಳೆದಳು. ವಿದ್ಯುತ್ ಮೀಟರ್ ಓದುವ ಕೆಲಸದ ಅವಳ ಗಂಡನಿಗೆ ಸಂಗೀತದ ಗಂಧಗಾಳಿ ಇಲ್ಲ. ಆತ ಒಮ್ಮೆ, "ಆ ಮುದುಕ ಕೋಲು ಕೊಡೋದು ಊರಿಕೊಂಡು ಹೋಗೋಕೆ ಬೇರೆ ಕೋಲು ಸಿಕ್ಕಿದ ಮೇಲೇ," ಎಂದಿದ್ದ. ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು.

ಕೊನೆಗೂ ಮೇಷ್ಟ್ರು ಇಳಿದರು. ವಾದ್ಯವೃಂದದ ಸಮಿತಿಯ ಕಾರ್ಯದರ್ಶಿ ಅಕ್ಕನ ಮನೆಗೇ ಬಂದರು. ಬಾಗಿಲಲ್ಲೇ ಅವರ ಮುಖ ಅರಳಿದ್ದನ್ನು ಕಂಡು ಅಕ್ಕ ಅವಸರದಲ್ಲಿ ಒಳಗೆ ಕರೆದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು.

"ನಿಮಗೇ ಮೊದಲು ಹೇಳ್ಬೇಕು ಅಂತ ಬಂದೆ ಅಕ್ಕ," ಎಂದರು ಕಾರ್ಯದರ್ಶಿ. "ಇನ್ಮೇಲೆ ಕೋಲು ನಿಮ್ಮ ಮನೇಗೇ ಬಂತು ಅಂತ ತಿಳ್ಕೊಳ್ಳಿ. ನಿಮ್ಮ ತಮ್ಮನೋರು ಒಪ್ಕೊಂಡಿದ್ದಾರೆ."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರು ಕುಡಿದಿಟ್ಟ ಲೋಟವನ್ನು ಎತ್ತಿಕೊಂಡು ಹೋಗಿ ಒಳಗಿಟ್ಟು ಬಂದಳು. ತಮ್ಮ ದೂರದ ಊರುಗಳಲ್ಲಿ ಹೆಸರು ಮಾಡಿದ್ದ. ಅವನ ಫೋಟೋ ಪತ್ರಿಕೆಗಳಲ್ಲಿ ಬರುತ್ತಿತ್ತು, ಕಣ್ಣು ಮುಚ್ಚಿಕೊಂಡು, ಕೂದಲು ಹಾರಿಸಿಕೊಂಡು. ಅವನು ತನ್ನ ಊರಿಗೆ, ತನ್ನ ಮೇಳಕ್ಕೆ, ತನ್ನ ಜಾಗಕ್ಕೆ ಬಂದು ನಿಲ್ಲುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. "ಸಂತೋಷ," ಎಂದಳು. ಆ ಒಂದು ಪದ ಹೇಳುವುದಕ್ಕೆ ಅವಳಿಗೆ ಎಷ್ಟು ಕಷ್ಟವಾಯಿತೆಂದರೆ ಕಣ್ಣಲ್ಲಿ ನೀರು ಬಂತು, ಕಾರ್ಯದರ್ಶಿ ಅದನ್ನು ಆನಂದಬಾಷ್ಪ ಎಂದೇ ತಿಳಿದರು.

ತಮ್ಮ ಬಂದವನೇ ಅವಳ ಕಾಲ ಬಳಿ ಕೂತು, "ಅಕ್ಕಾ, ನೀನಿಲ್ಲದೆ ನನ್ನ ಕೈಲಿ ಆಗಲ್ಲ. ಮೇಳ ನೀನೇ ತಯಾರು ಮಾಡ್ಬೇಕು," ಎಂದ. ಅವನು ಆರಿಸಿದ ಕೃತಿ ಕಡಲಿಗೆ ಹೋಗಿ ಮರಳದವರ ಬಗ್ಗೆ. ಅದರ ಕೊನೆಯ ಭಾಗ ಬಲು ಕಠಿಣ. ಎಲ್ಲ ವಾದ್ಯಗಳೂ ಅಬ್ಬರಿಸಿ ಒಮ್ಮೆಲೇ ನಿಲ್ಲುತ್ತವೆ. ಪೂರ್ತಿ ಮೌನ. ಆಮೇಲೆ, ಮೇಷ್ಟ್ರ ಕಾಲದಲ್ಲಿ ಎಂದೂ ಇಲ್ಲದ ಹಾಗೆ, ಯಾವ ವಾದ್ಯದ ಆಸರೆಯೂ ಇಲ್ಲದೆ ಮೇಳ ಒಂದೇ ಪದವನ್ನು ಪಿಸುಮಾತಿನಷ್ಟು ಮೆಲ್ಲಗೆ ಎತ್ತಿಕೊಳ್ಳಬೇಕು. ಆ ಪದ "ಬನ್ನಿ." ಎಂಬತ್ತು ಜನರ "ಬ" ಒಟ್ಟಿಗೆ ಬೀಳಬೇಕು. ಬೀಳದಿದ್ದರೆ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ ಕೇಳುತ್ತದೆ. ಅಕ್ಕ ಆ ಒಂದು "ಬ"ಗಾಗಿ ವಾರಗಟ್ಟಲೆ ಒದ್ದಾಡಿದಳು. ಈಜುಕೊಳದ ಕಾವಲುಗಾರ ಒಮ್ಮೆ ಮೇಲೆ ಬಂದು, "ಯಾರನ್ನ ಕರೀತಿದ್ದೀರಾ ಅಮ್ಮ ಅಷ್ಟೊತ್ತಿಂದ? ಅವರು ಬರೋ ಹಾಗೆ ಕಾಣಲ್ಲ," ಎಂದು ಹೇಳಿ ಹೋದ. ಮೇಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅಕ್ಕನೂ ನಕ್ಕಳು. ಆಮೇಲೆ ಉಸಿರು ಎಳೆದಳು, "ಬ" ಒಟ್ಟಿಗೆ ಬಿತ್ತು.

ಸಭಾಂಗಣದ ಮೊದಲ ಅಭ್ಯಾಸದಲ್ಲಿ ಗೋಲಿ ಚೆಲ್ಲಿತು. ತಮ್ಮ ಕೋಲು ಎತ್ತಿ ಇಳಿಸಿದ. ನಾಲ್ಕು ಜನ ಹಾಡಿದರು, ಆಮೇಲೆ ಹತ್ತು ಜನ, ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದಿನಿಂದ ಸೇರಿದರು. ಮತ್ತೆ ಮಾಡಿಸಿದ, ಮತ್ತೆ ಅದೇ ಆಯಿತು. ಪಿಟೀಲಿನವರು ಒಳಗೊಳಗೇ ಮುಸಿಮುಸಿ ನಗತೊಡಗಿದರು. ತಮ್ಮನ ಕಿವಿ ಕೆಂಪಾಯಿತು. ವಿರಾಮದಲ್ಲಿ ಅವನು ಅಕ್ಕನನ್ನು ಪಕ್ಕದ ಓಣಿಗೆ ಕರೆದ. ಅಲ್ಲಿ ಕಾರ್ಯದರ್ಶಿಯೂ ಇದ್ದರು.

"ನಾನು ಕೋಲು ಇಳಿಸಿದ್ರೂ ನಿನ್ನ ಜನ ಇನ್ನೂ ಏನಕ್ಕೋ ಕಾಯ್ತಾ ಇದ್ದಾರಲ್ಲ ಅಕ್ಕ, ಏನಕ್ಕೆ?"

"ಉಸಿರಿಗೆ," ಎಂದಳು ಅಕ್ಕ.

"ಯಾರ ಉಸಿರಿಗೆ?"

"ನನ್ನ ಉಸಿರಿಗೆ."

ತಮ್ಮ ನಗಲು ಹೋದ, ಅವಳ ಮುಖ ನೋಡಿ ನಗು ನುಂಗಿದ. ಅವನು ಪೆದ್ದನಲ್ಲ. "ಹಾಗಾದ್ರೆ ಒಂದು ಕೆಲಸ ಮಾಡು," ಎಂದ. "ನೀನೂ ಕಪ್ಪು ಬಟ್ಟೆ ಹಾಕ್ಕೊಂಡು ಮೇಳದ ಮಧ್ಯೆ ನಿಂತ್ಕೊ. ಆ ಜಾಗ ಬಂದಾಗ ಉಸಿರು ಎಳಿ. ಯಾರಿಗೂ ಗೊತ್ತಾಗಲ್ಲ."

ಅಕ್ಕ ಆವರೆಗೆ ಯಾರ ಬಳಿಯೂ ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. ಅವತ್ತು ಕೇಳಿದಳು. "ಎರಡು ಸಂಜೆ ಇದೆಯಲ್ಲ ಕಛೇರಿ. ಮೊದಲನೇದು ನಿಂದು. ಎರಡನೇದು ನಂಗೆ ಬಿಡು. ಕೋಲು ನಾನು ಹಿಡೀತೀನಿ."

ತಮ್ಮ ಕಾರ್ಯದರ್ಶಿಯನ್ನು ನೋಡಿದ. ಕಾರ್ಯದರ್ಶಿ ಗೋಡೆಯನ್ನು ನೋಡಿದರು. "ಅಕ್ಕಾ, ನಿಂಗೆ ಇಲ್ಲ ಅಂತೀನಾ?" ಎಂದ ತಮ್ಮ. "ಎರಡನೇ ಸಂಜೆ ನಿಂದೇ."

ಆ ವಾರ ಅಕ್ಕ ನೆಲದ ಮೇಲೆ ನಡೆಯಲಿಲ್ಲ. ಕಪಾಟಿನ ಕನ್ನಡಿಯ ಮುಂದೆ ಪೆನ್ಸಿಲ್ ಹಿಡಿದು, ಕಹಳೆಯವರು ಎಲ್ಲಿ ಕೂರುತ್ತಾರೆ, ಡ್ರಮ್ಮಿನವನು ಯಾವ ಕಡೆ ಎಂದು ಕುರ್ಚಿ ದಿಂಬುಗಳನ್ನೇ ವಾದ್ಯವೃಂದ ಮಾಡಿಕೊಂಡು ಅಭ್ಯಾಸ ಮಾಡಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿ, "ದಿಂಬುಗಳು ಹೇಳಿದ ಮಾತು ಕೇಳ್ತಿವೆ. ನಿನ್ನ ತಮ್ಮ ಆಡಿದ ಮಾತಿಗೆ ಯಾವತ್ತಾದ್ರೂ ನಿಂತಿದ್ದಾನಾ?" ಎಂದ. "ನೀವು ಸುಮ್ನಿರ್ರೀ," ಎಂದಳು ಅಕ್ಕ. ಆದರೆ ಈ ಸಲ ಮಾತು ಬಿಡಲಿಲ್ಲ, ಅಷ್ಟು ಖುಷಿಯಲ್ಲಿದ್ದಳು.

ಮೊದಲ ಸಂಜೆ ಅವಳು ಮೇಳದ ನಡುವೆ, ಕೆಳದನಿಯ ಹೆಂಗಸರ ಸಾಲಿನಲ್ಲಿ, ನರ್ಸಮ್ಮನ ಪಕ್ಕ ನಿಂತಳು. ವಾದ್ಯಗಳು ಅಬ್ಬರಿಸಿ ನಿಂತವು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ತಮ್ಮ ಕೋಲು ಎತ್ತಿದ, ಅವನ ಕಣ್ಣು ಅಕ್ಕನ ಬಾಯಿಯ ಮೇಲಿತ್ತು. ಚಿಕ್ಕಂದಿನಲ್ಲಿ ಸ್ಟೂಲಿನ ಮೇಲೆ ನಿಂತು ಅವಳನ್ನೇ ದಿಟ್ಟಿಸುತ್ತಿದ್ದನಲ್ಲ, ಅದೇ ನೋಟ. ಅಕ್ಕ ಉಸಿರು ಎಳೆದಳು. ಎಂಬತ್ತು ಜನ ಒಂದೇ ಬಾಯಿಯಿಂದ "ಬನ್ನಿ" ಎಂದರು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಅಕ್ಕನಿಗೆ ಹೆಮ್ಮೆಯಾಯಿತು. ತಮ್ಮನ ಮೇಲೂ ಪ್ರೀತಿ ಉಕ್ಕಿತು, ಇಲ್ಲ ಎಂದರೆ ಸುಳ್ಳಾಗುತ್ತದೆ. ನಾಳೆ ಅಲ್ಲಿ ನಿಲ್ಲುವವಳು ತಾನು ಎಂದು ಅವಳು ಪೀಠವನ್ನೂ, ಅದರ ಸುತ್ತಲಿನ ಹಿತ್ತಾಳೆಯ ಕಟಕಟೆಯನ್ನೂ ಕಣ್ತುಂಬ ನೋಡಿಕೊಂಡಳು.

ಬೆಳಗ್ಗೆ ಪತ್ರಿಕೆ ಬಂತು. ಅವಳ ತಮ್ಮ ಮೇಳವನ್ನು ಬೆರಳ ತುದಿಯಲ್ಲಿ ಕುಣಿಸಿದನಂತೆ. ಮೌನದಿಂದ ಎದ್ದ ಆ ಒಂದು ಪದ ಅವನ ಪ್ರತಿಭೆಗೆ ಸಾಕ್ಷಿಯಂತೆ. ಅಕ್ಕ ಓದಿ, ಸರಿ, ನಾಳೆ ಏನು ಬರೆಯುತ್ತಾರೋ ನೋಡೋಣ ಎಂದುಕೊಂಡು ಕಪ್ಪು ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಾಗ ತಮ್ಮ ಬಂದ. ಕೈಯಲ್ಲಿ ದ್ರಾಕ್ಷಿಯ ಪೊಟ್ಟಣ. ಅವನು ಹಣ್ಣು ತಂದದ್ದು ಕಂಡೇ ಅವಳಿಗೆ ವಿಷಯ ತಿಳಿಯಿತು. ತಮ್ಮ ಬರಿಗೈಲಿ ಬಂದರೆ ಏನನ್ನೋ ಕೇಳಲು, ಹಣ್ಣು ತಂದರೆ ಏನನ್ನೋ ಕಿತ್ತುಕೊಳ್ಳಲು.

"ಅಕ್ಕಾ, ಇವತ್ತೂ ನಾನೇ ನಿಲ್ಬೇಕಾಗಿದೆ," ಎಂದ ನೆಲ ನೋಡುತ್ತ. "ರಾಜಧಾನಿಯ ವಾದ್ಯವೃಂದದವರು ನನ್ನನ್ನ ನೋಡೋಕೇಂತ ಬರ್ತಿದ್ದಾರೆ. ಅಲ್ಲಿ ಜಾಗ ಖಾಲಿಯಿದೆ. ನನ್ನ ಬದುಕಿನ ಪ್ರಶ್ನೆ ಅಕ್ಕ. ಮುಂದಿನ ವರ್ಷ ಖಂಡಿತ ನಿಂದೇ."

"ನಿಂದು ಬದುಕು," ಎಂದಳು ಅಕ್ಕ. "ನಂದೇನು, ಬರೀ ರಿಹರ್ಸಲ್ಲಾ?"

ತಮ್ಮ ಪೊಟ್ಟಣ ಬಿಚ್ಚಿದ. ತಾನೇ ತಂದ ದ್ರಾಕ್ಷಿಯನ್ನು ತಾನೇ ಒಂದೊಂದಾಗಿ ಬಾಯಿಗೆ ಹಾಕಿಕೊಂಡ. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ, "ಆ ಉಸಿರೊಂದು ಮರೀಬೇಡ," ಎಂದ. ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲಿತ್ತು. ಎಸೆಯಲಿಲ್ಲ. ಎಸೆದಿದ್ದರೆ ಒಳ್ಳೆಯದಿತ್ತೇನೋ.

ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿದಳು. ಹೋಗುತ್ತೇನೆ, ಸಾಲಿನಲ್ಲಿ ನಿಲ್ಲುತ್ತೇನೆ, ಉಸಿರು ಮಾತ್ರ ಎಳೆಯುವುದಿಲ್ಲ. ರಾಜಧಾನಿಯವರ ಮುಂದೆ ಅವನ ಕೋಲಿನ ಬಂಡವಾಳ ಬಯಲಾಗಲಿ. ಒಳ್ಳೆಯ ಯೋಚನೆಯಲ್ಲ, ಅದು ಅವಳಿಗೂ ಗೊತ್ತಿತ್ತು. ನರ್ಸಮ್ಮನಂಥವರು, ಹಲ್ಲಿನ ಡಾಕ್ಟರಂಥವರು ಸುಮ್ಮಸುಮ್ಮನೆ ಜನರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ತಾನೇ ಕಟ್ಟಿದ ಮೇಳಕ್ಕೆ ತಾನೇ ಮಸಿ ಬಳಿದಂತಾಗುತ್ತದೆ. ಇದೆಲ್ಲ ಯೋಚಿಸಿಯೂ ಅವಳ ಹೊಟ್ಟೆಯ ಉರಿ ಆರಲಿಲ್ಲ. ಒಂದು ಸಲವಾದರೂ ತಾನಿಲ್ಲದೆ ಏನಾಗುತ್ತದೆ ಎಂದು ಅವನಿಗೆ ಕಾಣಬೇಕು, ಅಷ್ಟೇ ಬೇಕಾಗಿತ್ತು ಅವಳಿಗೆ.

ಎರಡನೆಯ ಸಂಜೆ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ರಾಜಧಾನಿಯವರು ನಾಲ್ಕನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅಕ್ಕ ಉಳಿದದ್ದನ್ನೆಲ್ಲ ಎಲ್ಲರಂತೆ ಹಾಡಿದಳು. ಕೊನೆಯ ಭಾಗ ಬಂತು. ಕಹಳೆಗಳು ಕೂಗಿದವು, ಡ್ರಮ್ ಗುಡುಗಿತು, ಎಲ್ಲ ಒಮ್ಮೆಲೇ ನಿಂತಿತು. ಅಕ್ಕ ಹಲ್ಲು ಕಚ್ಚಿ ತುಟಿ ಬಿಗಿದಳು. ಎದೆಯಲ್ಲಿ ಇದ್ದಷ್ಟು ಗಾಳಿಯನ್ನೇ ಹಿಡಿದು ನಿಂತಳು. ಪಕ್ಕದಲ್ಲಿ ನರ್ಸಮ್ಮ ಅವಳ ಉಸಿರಿಗಾಗಿ ಕಿವಿಗೊಟ್ಟು ಕಾಯುತ್ತಿದ್ದದ್ದು ಗೊತ್ತಾಯಿತು. ಒಂದು ಕ್ಷಣ ಅಯ್ಯೋ ಎನಿಸಿತು. ಆದರೂ ತುಟಿ ತೆರೆಯಲಿಲ್ಲ.

ಕೋಲು ಮೇಲೆದ್ದಿತು. ಆಗ ಉಸಿರು ಕೇಳಿಸಿತು.

ಅದು ಬಂದದ್ದು ಮುಂದಿನಿಂದ, ಪೀಠದ ಮೇಲಿನಿಂದ. ತಮ್ಮ ತಲೆಯನ್ನು ಸ್ವಲ್ಪ ಮೇಲೆತ್ತಿ, ಬಾಯಿ ತೆರೆದು, ಹಿಂದಿನ ಸಾಲಿಗೂ ಕೇಳುವ ಹಾಗೆ ಉಸಿರು ಎಳೆದಿದ್ದ. ಅದೇ ಉದ್ದ, ಅದೇ ಸದ್ದು, ಕೊನೆಯಲ್ಲಿ ಅವಳದೇ ಆ ಚಿಕ್ಕ ತಡೆ ಕೂಡ. ಒಂದೇ ಸಂಜೆಯಲ್ಲಿ ನೋಡಿ ಕಲಿತುಬಿಟ್ಟಿದ್ದ. ಚಿಕ್ಕಂದಿನಿಂದ ಅವಳಿಂದ ಕಲಿಯುವುದರಲ್ಲಿ ಅವನು ಬಲು ಚುರುಕು. ಮೇಳಕ್ಕೆ ಬೇಕಾಗಿದ್ದದ್ದು ಉಸಿರು, ಅದು ಯಾರ ಎದೆಯಿಂದ ಬಂತೆಂದು ಯಾರೂ ತಿರುಗಿ ನೋಡಲಿಲ್ಲ. ಎಂಬತ್ತು ಜನ ಒಟ್ಟಿಗೆ ಉಸಿರು ಎಳೆದರು, "ಬನ್ನಿ" ಎಂದರು, ನಿನ್ನೆಗಿಂತ ಚೆನ್ನಾಗಿ.

ಅಕ್ಕನ ಎದೆಯಲ್ಲಿ ಹಾಡಲು ಗಾಳಿಯೇ ಇರಲಿಲ್ಲ. ಗಾಬರಿಯಲ್ಲಿ ಬಾಯಿ ತೆರೆದಳು. ಎಲ್ಲರ ಹಿಂದೆ ಒಂದು ಒಂಟಿ "ಬ" ಬಿತ್ತು, ಆ ಪಿಸುದನಿಗಳ ನಡುವೆ ನಾಲ್ಕನೆಯ ಸಾಲಿಗೂ ಕೇಳಿಸುವಷ್ಟು ಸ್ಪಷ್ಟವಾಗಿ. ತಮ್ಮನ ಹುಬ್ಬು ಮೇಲೇರಿತು. ಅವನ ಎಡಗೈ ಅವಳ ಕಡೆ ತಿರುಗಿ, ಮೆಲ್ಲಗೆ, ಮೆಲ್ಲಗೆ ಎಂದು ಕೆಳಗಿಳಿಯಿತು. ಮೇಳದಲ್ಲಿ ತಪ್ಪು ಮಾಡಿದ ಯಾರಿಗಾದರೂ ಯಾವ ಕಂಡಕ್ಟರಾದರೂ ಮಾಡುವ ಸನ್ನೆ ಅದು. ಅವನಿಗೆ ಸಿಟ್ಟು ಕೂಡ ಬಂದಿರಲಿಲ್ಲ. ನರ್ಸಮ್ಮ ಹಾಡುತ್ತಲೇ ಅವಳ ಮೊಣಕೈ ಹಿಡಿದುಕೊಂಡಳು. ಅಕ್ಕ ಉಳಿದದ್ದನ್ನು ತುಟಿಯಾಡಿಸಿ ಮುಗಿಸಿದಳು.

ಕಛೇರಿ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಗೋಡೆಯ ಪಕ್ಕದಲ್ಲೇ ಜಾರಿಕೊಳ್ಳಲು ನೋಡಿದಳು. ತಮ್ಮ ಬೆವರು ಒರೆಸಿಕೊಳ್ಳುತ್ತ ಅವಳನ್ನು ಅಡ್ಡಗಟ್ಟಿದ. ಅವನ ಹಿಂದೆ ರಾಜಧಾನಿಯವರು.

"ಏನಾಯ್ತಕ್ಕ? ಹುಷಾರಿದೀಯ ತಾನೆ? ಎತ್ತುಗಡೆ ತಪ್ಪಿಸಿಬಿಟ್ಯಲ್ಲ," ಎಂದ. ಅವನ ದನಿಯಲ್ಲಿ ನಿಜವಾದ ಕಾಳಜಿ ಇತ್ತು, ಅದೇ ಅವಳಿಗೆ ಸಹಿಸಲಾಗಲಿಲ್ಲ. "ಹೋಗ್ಲಿ ಬಿಡು, ವಯಸ್ಸಾಯ್ತಲ್ಲ. ಮುಂದಿನ ಸಲ ನನ್ನ ಕಡೆನೇ ನೋಡ್ತಿರು."

"ತಪ್ಪಾಯ್ತು," ಎಂದಳು ಅಕ್ಕ.

ತಮ್ಮ ಅವಳ ಹೆಗಲ ಮೇಲೆ ಕೈ ಹಾಕಿ ಹಿಂದಿದ್ದವರ ಕಡೆ ತಿರುಗಿಸಿದ. "ಇವರು ನಮ್ಮಕ್ಕ," ಎಂದ. "ಇವರೂ ಮೇಳದಲ್ಲಿ ಹಾಡ್ತಾರೆ."

"ಹೌದಾ? ಒಳ್ಳೇ ಹವ್ಯಾಸ ಇಟ್ಕೊಂಡಿದ್ದೀರಿ," ಎಂದರು ರಾಜಧಾನಿಯವರಲ್ಲೊಬ್ಬರು, ತುಂಬ ಮರ್ಯಾದೆಯಿಂದ.